ಕಡಿದುಬಿದ್ದ ವಿದ್ಯುತ್ ತಂತಿಗಳ ಬಳಿಯ ತೆರವು ಕೆಲಸ ಮತ್ತು ಸುರಕ್ಷತಾ ಲೋಪಗಳು

ಬಿರುಗಾಳಿ ನಿಂತ ಮೇಲೆ ಉರುಳಿದ ಮರ, ಮುರಿದ ಕಂಬ, ಜೋತುಬಿದ್ದ ತಂತಿಗಳನ್ನು ತೆರವುಗೊಳಿಸುವವರಿಗೆ ಎದುರಾಗುವ ಅಪಾಯಗಳಲ್ಲಿ ವಿದ್ಯುದಾಘಾತ ಮುಖ್ಯವಾದದ್ದು. ಗಾಳಿಯನ್ನು ಯಾರೂ ತಡೆಯಲಾರರು. ಆದರೆ ತೆರವಿನ ವೇಳೆ ಆಗುವ ವಿದ್ಯುತ್ ಅವಘಡಗಳ ಬೆನ್ನು ಹತ್ತಿದರೆ ಸಾಮಾನ್ಯವಾಗಿ ಸಿಗುವುದು ಗಾಳಿಯಲ್ಲ, ಮೊದಲೇ ಬರೆದಿಟ್ಟ ಕೆಲಸದ ಕ್ರಮವನ್ನು ಬಿಟ್ಟ ಒಂದು ಗಳಿಗೆ. ಮಾರ್ಗದಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸದೆ ನಂಬುವುದು, ಅರ್ಥಿಂಗ್ ಮಾಡದೆ ತಂತಿ ಹಿಡಿಯುವುದು, ತರಬೇತಿ ಇಲ್ಲದವರನ್ನು ತಂತಿಯ ಹತ್ತಿರ ಇಳಿಸುವುದು, ಯಂತ್ರಕ್ಕೂ ತಂತಿಗೂ ನಡುವಿನ ಅಂತರ ಕಾಯದಿರುವುದು: ಫ್ಲಾರಿಡಾದಲ್ಲಾಗಲಿ, ಒಡಿಶಾದ ಪುರಿಯಲ್ಲಾಗಲಿ, ಮಲೆನಾಡಿನ ಹಳ್ಳಿಯಲ್ಲಾಗಲಿ ಲೋಪಗಳು ಇವೇ.

ಈ ಕೆಲಸಕ್ಕೆ ಇಳಿಯುವವರು ಒಂದೇ ಇಲಾಖೆಯವರಲ್ಲ. ವಿದ್ಯುತ್ ಕಂಪನಿಯ ಲೈನ್‌ಮನ್‌ಗಳು ಅಲ್ಲಿರುತ್ತಾರೆ. ಅವರೊಡನೆ ಗುತ್ತಿಗೆದಾರನ ಕೂಲಿಗಳು, ಪೌರಕಾರ್ಮಿಕರು, ಅಗ್ನಿಶಾಮಕ ಮತ್ತು ಅರಣ್ಯ ಇಲಾಖೆಗಳ ಸಿಬ್ಬಂದಿ, ಜೆಸಿಬಿ ಚಾಲಕರು, ಯಂತ್ರಗರಗಸ ಹಿಡಿದ ಮರ ಕೊಯ್ಯುವವರು, ದೂರವಾಣಿ ಮತ್ತು ಕೇಬಲ್ ಟಿವಿ ಕೆಲಸದವರು ಇರುತ್ತಾರೆ. ಸುರಕ್ಷತೆಯ ನಿಯಮಗಳು ವಿವರವಾಗಿ ಬರೆಯಲ್ಪಟ್ಟಿರುವುದು ಮೊದಲ ಗುಂಪಿಗೆ. ರಸ್ತೆ ಬಿಡಿಸಲು ಸ್ಥಳಕ್ಕೆ ಮೊದಲು ತಲುಪುವವರು ಬಹಳ ಸಲ ಉಳಿದ ಗುಂಪುಗಳವರು. ಈ ಕ್ಷೇತ್ರದ ಹೆಚ್ಚಿನ ಲೋಪಗಳಿಗೆ ಈ ಬಿರುಕೇ ಮೂಲ.

ಬಿದ್ದ ತಂತಿಯ ಸ್ವಭಾವ

ನೆಲಕ್ಕೆ ಬಿದ್ದ ತಂತಿ ತಾನಾಗಿಯೇ ಫೀಡರನ್ನು, ಅಂದರೆ ಉಪಕೇಂದ್ರದಿಂದ ಹೊರಡುವ ಮಾರ್ಗವನ್ನು, ಟ್ರಿಪ್ ಮಾಡಿಸುತ್ತದೆ, ಆಮೇಲೆ ಅದು ಬರಿಯ ಅಲ್ಯೂಮಿನಿಯಂ ಅಷ್ಟೇ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ತಪ್ಪು. ಫೀಡರ್ ಟ್ರಿಪ್ ಆಗಬೇಕಾದರೆ ನೆಲಕ್ಕೆ ಹರಿಯುವ ವಿದ್ಯುತ್ ಪ್ರವಾಹ ರಿಲೇ ಗುರುತಿಸುವಷ್ಟು ಇರಬೇಕು. ಹನ್ನೆರಡೂವರೆ ಸಾವಿರ ವೋಲ್ಟಿನ ಮಾರ್ಗಗಳ ಮೇಲೆ ಅಮೆರಿಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಒಣ ಮರಳು ಮತ್ತು ಒಣ ಡಾಂಬರಿನ ಮೇಲೆ ಬಿದ್ದ ತಂತಿಯಿಂದ ಹರಿದ ಪ್ರವಾಹ ಹೆಚ್ಚುಕಡಿಮೆ ಸೊನ್ನೆ. ಒದ್ದೆ ಹುಲ್ಲಿನ ಮೇಲೆ ಸುಮಾರು 50 ಆಂಪಿಯರ್. ನೂರಾರು ಆಂಪಿಯರ್ ಲೋಡ್ ಹೊತ್ತ ಫೀಡರ್‌ಗೆ ಐವತ್ತು ಆಂಪಿಯರ್ ಎಂದರೆ ಒಂದು ಬಡಾವಣೆಯ ಲೋಡ್ ಸೇರಿದಂತೆ. ಹೀಗಾಗಿ ಕಿಡಿಯಿಲ್ಲದೆ, ಸದ್ದಿಲ್ಲದೆ, ಪೂರ್ಣ ವೋಲ್ಟೇಜಿನಲ್ಲಿ ತಂತಿ ರಸ್ತೆಯ ಮೇಲೆ ಮಲಗಿರಬಹುದು. 11 ಕೆವಿ ಮಾರ್ಗದ ಒಂದು ತಂತಿಗೂ ನೆಲಕ್ಕೂ ನಡುವೆ ಇರುವುದು ಸುಮಾರು 6,350 ವೋಲ್ಟ್.

ತುಂಡಾದ ತಂತಿಗೆ ಎರಡು ತುದಿಗಳಿರುತ್ತವೆ. ಉಪಕೇಂದ್ರದ ಕಡೆಯದು ಅಪಾಯಕಾರಿ, ಇನ್ನೊಂದು ಸತ್ತದ್ದು ಎಂಬ ಲೆಕ್ಕವೂ ನಿಲ್ಲುವುದಿಲ್ಲ. ಭಾರತದ ವಿತರಣಾ ಪರಿವರ್ತಕಗಳ, ಅಂದರೆ ಆಡುಮಾತಿನ ಟಿ.ಸಿ.ಗಳ, ಹೈಟೆನ್ಷನ್ ಬದಿಯ ಸುರುಳಿಗಳು ಡೆಲ್ಟಾ ಜೋಡಣೆಯಲ್ಲಿರುತ್ತವೆ. ಮೂರರಲ್ಲಿ ಒಂದು ಫೇಸ್ ಕಡಿದರೆ ಉಳಿದೆರಡು ಫೇಸ್‌ಗಳ ವಿದ್ಯುತ್ ಸುರುಳಿಗಳ ಮೂಲಕ ಸುತ್ತಿಬಂದು ಟಿ.ಸಿ. ಕಡೆಯ ತುಂಡಿಗೂ ಸಾವಿರಾರು ವೋಲ್ಟ್ ಕೊಡುತ್ತದೆ. ಆ ತುಂಡಿನಿಂದ ನೆಲಕ್ಕೆ ಹರಿಯುವ ಪ್ರವಾಹ ಪರಿವರ್ತಕದ ಮೂಲಕವೇ ಬರಬೇಕಾದ್ದರಿಂದ ಇನ್ನೂ ಕ್ಷೀಣ. ರಿಲೇ ಅದನ್ನು ಕಾಣುವ ಸಂಭವ ಇನ್ನೂ ಕಡಿಮೆ. ಅನುಭವಿ ಲೈನ್‌ಮನ್‌ಗಳೂ ಎಡವುವ ಜಾಗ ಇದು.

ಸ್ವಯಂಚಾಲಿತ ರಿಕ್ಲೋಸರ್ ಇರುವ ಮಾರ್ಗಗಳಲ್ಲಿ ಬ್ರೇಕರ್ ಬಿದ್ದ ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ಮತ್ತೆ ಏರುತ್ತದೆ. ಹೀಗೆ ಎರಡು ಮೂರು ಬಾರಿ ಪ್ರಯತ್ನಿಸುತ್ತದೆ. ರಿಕ್ಲೋಸರ್ ಇಲ್ಲದ ಕಡೆ ಉಪಕೇಂದ್ರದ ಆಪರೇಟರ್ ಕೈಯಿಂದ ಅದನ್ನೇ ಮಾಡುತ್ತಾನೆ. ಮಾರ್ಗ ನಿಂತೀತೇ ನೋಡೋಣವೆಂದು ಒಮ್ಮೆ ಚಾರ್ಜ್ ಮಾಡುವುದು ಮಳೆಗಾಲದ ರಾತ್ರಿಗಳಲ್ಲಿ ನಿತ್ಯದ ಮಾತು. ಮೊದಲ ಬಾರಿ ತಂತಿ ಮುಟ್ಟಿ ನೋಡಿದಾಗ ಏನೂ ಆಗದಿದ್ದುದು ಎರಡನೆಯ ಬಾರಿಗೆ ಖಾತರಿಯಲ್ಲ.

ದೇಹದ ಲೆಕ್ಕ ಇದಕ್ಕಿಂತ ಸರಳ, ಇದಕ್ಕಿಂತ ಕಠೋರ. ಒದ್ದೆ ಮೈಯ ವಿದ್ಯುತ್ ರೋಧ ಸುಮಾರು 1,000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿನ ಮನೆ ಸಂಪರ್ಕದ ತಂತಿಯೇ 230 ಮಿಲಿಆಂಪಿಯರ್ ಹರಿಸಬಲ್ಲದು. ಹಿಡಿದ ತಂತಿಯನ್ನು ಬಿಡಲಾಗದಂತೆ ಸ್ನಾಯುಗಳು ಬಿಗಿಯಲು 16 ಮಿಲಿಆಂಪಿಯರ್ ಆಸುಪಾಸು ಸಾಕು. 100ರ ಹೊತ್ತಿಗೆ ಹೃದಯದ ಬಡಿತ ತಾಳ ತಪ್ಪುತ್ತದೆ. ಆದ್ದರಿಂದ ಕಡಿಮೆ ವೋಲ್ಟೇಜಿನ ಮಾರ್ಗವನ್ನು ‘ಎಲ್‌ಟಿ ತಾನೆ’ ಎನ್ನುವ ಉಡಾಫೆಗೆ ವೈದ್ಯಕೀಯ ಆಧಾರವಿಲ್ಲ.

ಮುಟ್ಟದಿದ್ದರೂ ಅಪಾಯ ತಪ್ಪಿದ್ದಲ್ಲ. ತಂತಿ ನೆಲ ತಾಗಿದ ಬಿಂದುವಿನಲ್ಲಿ ವೋಲ್ಟೇಜ್ ಅತಿ ಹೆಚ್ಚಿರುತ್ತದೆ, ಅಲ್ಲಿಂದ ಸುತ್ತಲೂ ದೂರ ಹೋದಂತೆ ಇಳಿಯುತ್ತದೆ. ನಡೆಯುವವನ ಒಂದು ಕಾಲು ಹತ್ತಿರ, ಇನ್ನೊಂದು ದೂರ ಇದ್ದರೆ ಎರಡರ ನಡುವಿನ ವ್ಯತ್ಯಾಸವೇ ದೇಹದ ಮೂಲಕ ಪ್ರವಾಹ ಹರಿಸುತ್ತದೆ. ಇದಕ್ಕೆ ಹೆಜ್ಜೆ ವೋಲ್ಟೇಜ್ ಎನ್ನುತ್ತಾರೆ. ದನಕರುಗಳಲ್ಲಿ ಮುಂಗಾಲು ಹಿಂಗಾಲುಗಳ ಅಂತರ ಹೆಚ್ಚಾದ್ದರಿಂದ ಗದ್ದೆಯಲ್ಲಿ ತಂತಿ ಬಿದ್ದಾಗ ಅವು ಮನುಷ್ಯರಿಗಿಂತ ಮೊದಲು ಬಲಿಯಾಗುತ್ತವೆ. ಅಪಾಯದ ವಲಯದಲ್ಲಿ ಸಿಕ್ಕಿಬಿದ್ದವರು ಎರಡು ಪಾದಗಳನ್ನೂ ಜೋಡಿಸಿಕೊಂಡು, ನೆಲದಿಂದ ಎತ್ತದೆ, ಪುಟ್ಟಪುಟ್ಟದಾಗಿ ಜಾರಿಸುತ್ತ ಹೊರಬರಬೇಕು ಎಂಬ ಸೂಚನೆಗೆ ಇದೇ ಕಾರಣ. ವಾಹನದ ಮೇಲೆ ತಂತಿ ಬಿದ್ದಿದ್ದರೆ ಒಳಗೇ ಕುಳಿತಿರಬೇಕು. ಬೆಂಕಿ ಹತ್ತಿದರೆ ಮಾತ್ರ ವಾಹನವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಹಾರಬೇಕು.

ತಂತಿಬೇಲಿ, ಕೇಬಲ್ ಟಿವಿ ವಯರು, ಕಂಬದ ಸ್ಟೇ ವಯರು, ನಿಂತ ನೀರು ಇವೆಲ್ಲ ಅಪಾಯವನ್ನು ಕಣ್ಣಿಗೆ ಕಾಣದಷ್ಟು ದೂರಕ್ಕೆ ಒಯ್ಯುತ್ತವೆ. ಹಸಿ ಮರವೂ ಅಷ್ಟೆ. ತಂತಿಯ ಮೇಲೆ ಒರಗಿದ ಅಡಕೆ ಮರವನ್ನೋ ತೆಂಗಿನ ಸೋಗೆಯನ್ನೋ ಎಳೆಯುವವರು ಮರ ಮುಟ್ಟುತ್ತಿದ್ದೇವೆ ಎಂದುಕೊಂಡು ವಾಸ್ತವದಲ್ಲಿ 11 ಕೆವಿಯನ್ನೇ ಹಿಡಿದಿರುತ್ತಾರೆ.

ಲೈನ್ ಕ್ಲಿಯರ್ ಮತ್ತು ಅದರ ಲೋಪಗಳು

ಕರ್ನಾಟಕದ ವಿದ್ಯುತ್ ಸಿಬ್ಬಂದಿ ‘ಎಲ್‌ಸಿ’ ಎಂದು ಕರೆಯುವ ಲೈನ್ ಕ್ಲಿಯರ್ ಪದ್ಧತಿ ಈ ಕೆಲಸದ ಬೆನ್ನೆಲುಬು. ಕೆಲಸದ ಹೊಣೆ ಹೊತ್ತವರು ಉಪಕೇಂದ್ರದಿಂದ ನಿರ್ದಿಷ್ಟ ಫೀಡರ್‌ಗೆ ಎಲ್‌ಸಿ ಕೇಳುತ್ತಾರೆ. ಆಪರೇಟರ್ ಬ್ರೇಕರ್ ತೆಗೆದು, ಐಸೋಲೇಟರ್ ಬಿಡಿಸಿ, ಅರ್ಥ್ ಮಾಡಿ, ‘ಕೆಲಸ ನಡೆಯುತ್ತಿದೆ’ ಎಂಬ ಫಲಕ ತೂಗುಹಾಕಿ ಅನುಮತಿ ದಾಖಲಿಸುತ್ತಾನೆ. ಸ್ಥಳದಲ್ಲಿ ಮೂರೂ ಫೇಸ್‌ಗಳನ್ನು ಒಟ್ಟಿಗೆ ಬೇರ್ಪಡಿಸುವ ಜಿಒಎಸ್ ಸ್ವಿಚ್ ಬಿಡಿಸಿ, ಮೂರೂ ಬ್ಲೇಡುಗಳು ನಿಜಕ್ಕೂ ಕಳಚಿವೆಯೇ ಎಂದು ಕಣ್ಣಾರೆ ನೋಡಿ, ಟೆಸ್ಟರ್‌ನಿಂದ ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ರಾಡ್ ಕಟ್ಟಿದ ಮೇಲಷ್ಟೇ ತಂತಿ ಮುಟ್ಟಬೇಕು. ಎಲ್ಲರೂ ಕೆಳಗಿಳಿದು, ರಾಡ್ ತೆಗೆದ ನಂತರ, ಎಲ್‌ಸಿ ಪಡೆದ ವ್ಯಕ್ತಿಯೇ ಅದನ್ನು ವಾಪಸು ಕೊಡಬೇಕು.

ಬಿರುಗಾಳಿಯ ರಾತ್ರಿ ಈ ಸರಪಳಿ ಸವೆಯುವ ಬಗೆ ಹಲವು. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಮಾತು ಅರ್ಧ ಕೇಳಿ ಒಂದೇ ಬಗೆಯ ಹೆಸರಿನ ಎರಡು ಫೀಡರ್‌ಗಳಲ್ಲಿ ತಪ್ಪಾದದ್ದು ಆಫ್ ಆಗುವುದುಂಟು. ಒಂದೇ ಕಂಬದ ಮೇಲೆ ಎರಡು ಫೀಡರ್ ಸಾಗುವಲ್ಲಿ ಒಂದಕ್ಕೆ ಮಾತ್ರ ಎಲ್‌ಸಿ ಪಡೆದು ಹತ್ತುವುದುಂಟು. ಎರಡು ಗುಂಪುಗಳು ಒಂದೇ ಮಾರ್ಗದ ಬೇರೆಬೇರೆ ಜಾಗಗಳಲ್ಲಿ ದುಡಿಯುವಾಗ ಮೊದಲ ಗುಂಪಿನ ಎಲ್‌ಸಿ ವಾಪಸಾದ ಕೂಡಲೇ ಚಾರ್ಜ್ ಮಾಡಿದರೆ ಎರಡನೆಯ ಗುಂಪು ಕಂಬದ ಮೇಲೆಯೇ ಇರುತ್ತದೆ. ಜಿಒಎಸ್‌ನ ಹಿಡಿ ಕೆಳಗೆ ಬಂದರೂ ತುಕ್ಕು ಹಿಡಿದ ಒಂದು ಬ್ಲೇಡ್ ಮೇಲೆ ಅಂಟಿಯೇ ಉಳಿಯಬಹುದು. ಇಂಥ ಹೆಚ್ಚಿನ ತಪ್ಪುಗಳಲ್ಲಿ ಕೆಲಸದ ಜಾಗದಲ್ಲಿ ಕಟ್ಟಿದ ಅರ್ಥಿಂಗ್ ರಾಡ್ ಒಂದೇ ಮನುಷ್ಯನನ್ನು ಉಳಿಸಬಲ್ಲದು. ತುರ್ತಿನಲ್ಲಿ ಮೊದಲು ಕೈಬಿಡುವುದೂ ಅದನ್ನೇ, ಏಕೆಂದರೆ ಅದು ಕಟ್ಟದಿದ್ದರೂ ಕೆಲಸ ಮುಗಿಯುತ್ತದೆ.

ಉಪಕೇಂದ್ರದಿಂದಲ್ಲದೆ ಗ್ರಾಹಕರ ಕಡೆಯಿಂದಲೂ ವಿದ್ಯುತ್ ಬರಬಹುದು. ಕರೆಂಟ್ ಹೋದಾಗ ಮದುವೆ ಮಂಟಪ, ಪೆಟ್ರೋಲ್ ಬಂಕ್, ಅಂಗಡಿಗಳು ಡೀಸೆಲ್ ಜನರೇಟರ್ ಚಾಲೂ ಮಾಡುತ್ತವೆ. ಎರಡು ಕಡೆಯ ವಿದ್ಯುತ್ತನ್ನು ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಮೇನ್‌ಗೆ ಜೋಡಿಸಿದ್ದರೆ ಬೀದಿಯ ತಂತಿಗೂ ವಿದ್ಯುತ್ ಹರಿದು, ಟಿ.ಸಿ.ಯಲ್ಲಿ ಹಿಮ್ಮುಖವಾಗಿ ಏರುತ್ತದೆ. ಕೆಳಗೆ 230 ವೋಲ್ಟ್ ಕೊಟ್ಟರೆ ಮೇಲೆ ಹತ್ತು ಸಾವಿರದ ಆಸುಪಾಸು! ಉಪಕೇಂದ್ರ ಪೂರ್ತಿ ಬಂದ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಇದು ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಇದರ ಜೊತೆಗೆ, ಪಕ್ಕದಲ್ಲಿ ಸಮಾನಾಂತರವಾಗಿ ಸಾಗುವ ಹೈಟೆನ್ಷನ್ ಮಾರ್ಗದಿಂದ ಪ್ರೇರಣೆಗೊಂಡ ವೋಲ್ಟೇಜೂ ಆಫ್ ಆದ ತಂತಿಯಲ್ಲಿ ಉಳಿದಿರಬಹುದು.

ಗರಗಸ, ಕ್ರೇನ್, ಜೆಸಿಬಿ

ತೆರವು ಕೆಲಸದಲ್ಲಿ ಯಂತ್ರದ ತೋಳು ಮೇಲೆ ನೋಡದೆ ಏರುವುದು ಇನ್ನೊಂದು ಸಾಮಾನ್ಯ ಲೋಪ. ಚಾಲಕನ ಕಣ್ಣು ಮರದ ಬುಡದ ಮೇಲಿರುತ್ತದೆ; ತಂತಿ ಆಕಾಶದ ಬಣ್ಣದಲ್ಲಿ ಕಳೆದುಹೋಗಿರುತ್ತದೆ. ತೋಳು ತಂತಿ ತಾಗಿದಾಗ ಕ್ಯಾಬಿನ್‌ನಲ್ಲಿ ಕುಳಿತ ಚಾಲಕ ಬದುಕಿ, ಕೆಳಗೆ ನಿಂತು ಸರಪಳಿ ಹಿಡಿದ ಸಹಾಯಕ ಸಾಯುವುದು ಇಂಥ ಅವಘಡಗಳ ಮಾಮೂಲು ರೀತಿ. ಸುರಕ್ಷಿತ ಕ್ರಮದಲ್ಲಿ ಬೇರೆ ಯಾವ ಕೆಲಸವನ್ನೂ ವಹಿಸದ, ತಂತಿಯನ್ನಷ್ಟೇ ನೋಡುತ್ತಿರುವ ಒಬ್ಬ ಕಾವಲಿನವ ಇರಬೇಕು.

ಅಲ್ಯೂಮಿನಿಯಂ ಏಣಿ, ಕಬ್ಬಿಣದ ಹಾರೆ, ಒದ್ದೆ ಹಗ್ಗ, ಹಸಿ ಬಿದಿರು ಇವುಗಳನ್ನು ತಂತಿ ಸರಿಸಲು ಬಳಸುವುದು ಸಣ್ಣ ಊರುಗಳಲ್ಲಿ ಇನ್ನೂ ರೂಢಿ. ಒಣ ಕೋಲು ಸುರಕ್ಷಿತವೆಂಬ ಶಾಲೆಯ ಪಾಠ 230 ವೋಲ್ಟಿನ ಮಟ್ಟಿಗೆ ಹೇಗೋ ಸರಿ. 11 ಕೆವಿಗೆ ಅನ್ವಯಿಸುವುದಿಲ್ಲ. ಅಡಕೆ ಸೀಮೆಯಲ್ಲಿ ಈಚೆಗೆ ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಗಳೂ ವಿದ್ಯುತ್ ವಾಹಕಗಳೇ. ಬಾಗಿದ ಮರದಲ್ಲಿ, ಬಿಗಿದ ತಂತಿಯಲ್ಲಿ ಅಡಗಿದ ಎಳೆತದ ಬಲ ಬೇರೆಯೇ ಅಪಾಯ. ಕೊಯ್ದ ಕೂಡಲೇ ಕೊಂಬೆ ಚಿಮ್ಮಿ ತಂತಿಯನ್ನು ಗರಗಸದವನ ಕಡೆಗೇ ಎಸೆಯಬಹುದು, ಅರ್ಧ ಮುರಿದ ಪಕ್ಕದ ಕಂಬ ಉರುಳಬಹುದು.

ಅಮೆರಿಕದ ನಿಯಮಗಳು

ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿ ಬರೆದ ನಿಯಮಾವಳಿಗಳಲ್ಲಿ ಒಂದು ಅಮೆರಿಕದ್ದು. 1970ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕಾಯಿದೆಯಡಿ 1971ರಲ್ಲಿ ಕೆಲಸ ಆರಂಭಿಸಿದ ‘ಓಶಾ’ ಎಂಬ ಕೇಂದ್ರ ಸಂಸ್ಥೆ ವಿದ್ಯುತ್ ಉತ್ಪಾದನೆ, ಪ್ರಸರಣ, ವಿತರಣೆಗಳಿಗೆ 1994ರಲ್ಲಿ ಪ್ರತ್ಯೇಕ ಮಾನದಂಡ ಹೊರಡಿಸಿ 2014ರಲ್ಲಿ ಅದನ್ನು ಪರಿಷ್ಕರಿಸಿತು. ಅರ್ಹತೆ ಪಡೆಯದ ಕಾರ್ಮಿಕ 50 ಕೆವಿವರೆಗಿನ ತಂತಿಯಿಂದ ಕನಿಷ್ಠ 10 ಅಡಿ, ಅಂದರೆ ಸುಮಾರು 3 ಮೀಟರ್, ದೂರವಿರಬೇಕು. ಅದಕ್ಕಿಂತ ಹೆಚ್ಚಿನ ಪ್ರತಿ 10 ಕೆವಿಗೆ 4 ಅಂಗುಲ ಸೇರುತ್ತದೆ. ಕ್ರೇನ್‌ಗಳಿಗೆ 2010ರ ನಿಯಮ ಸಾಮಾನ್ಯವಾಗಿ 20 ಅಡಿಯ ಅಂತರವನ್ನು ಹೇಳುತ್ತದೆ. ಅರ್ಥ್ ಮಾಡದ ಮಾರ್ಗವನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವಿದ್ಯುತ್ ಇರುವ ಮಾರ್ಗವೆಂದೇ ಪರಿಗಣಿಸಬೇಕು. ತಂತಿಯ ಬಳಿ ಮರ ಕಡಿಯುವವರ ಬಗ್ಗೆ ಇರುವ ಉಪನಿಯಮ ಬಿರುಗಾಳಿಯನ್ನು ಹೆಸರಿಸಿಯೇ ಮಾತನಾಡುತ್ತದೆ: ಬಿರುಗಾಳಿಯ ನಂತರದ ಕೆಲಸಕ್ಕೆ ಹೋಗುವ ಪ್ರತಿಯೊಬ್ಬನಿಗೂ ಆ ಕೆಲಸದ ವಿಶೇಷ ಅಪಾಯಗಳ ಬಗ್ಗೆ ಬೇರೆಯೇ ತರಬೇತಿ ಕೊಟ್ಟಿರಬೇಕು. ಎಂದಿನ ಮರ ಸವರುವಿಕೆಯ ಅನುಭವ ಸಾಲದು.

ಉಲ್ಲಂಘನೆಗಳನ್ನು ಓಶಾ ಗಂಭೀರ, ಗಂಭೀರವಲ್ಲದ, ಪುನರಾವರ್ತಿತ, ಉದ್ದೇಶಪೂರ್ವಕ ಎಂದು ವಿಂಗಡಿಸುತ್ತದೆ. 2025ರ ದರದಂತೆ ಗಂಭೀರ ಉಲ್ಲಂಘನೆಯೊಂದಕ್ಕೆ ಗರಿಷ್ಠ ದಂಡ 16,550 ಡಾಲರ್. ಉದ್ದೇಶಪೂರ್ವಕ ಅಥವಾ ಪುನರಾವರ್ತಿತ ಉಲ್ಲಂಘನೆಗೆ 1,65,514 ಡಾಲರ್. ಉದ್ದೇಶಪೂರ್ವಕ ಉಲ್ಲಂಘನೆಯಿಂದ ಸಾವು ಸಂಭವಿಸಿದರೂ ಮೊದಲ ಅಪರಾಧಕ್ಕೆ ಆರು ತಿಂಗಳ ಸೆರೆಗಿಂತ ಹೆಚ್ಚಿಲ್ಲ. ಸಾವನ್ನು 8 ಗಂಟೆಯೊಳಗೆ, ಆಸ್ಪತ್ರೆ ಸೇರಿದ ಗಾಯವನ್ನು 24 ಗಂಟೆಯೊಳಗೆ ಉದ್ಯೋಗದಾತ ತಿಳಿಸಬೇಕು.

ಕಾಗದದ ಮೇಲೆ ಇಷ್ಟು ಬಿಗಿಯಾದ ಜಾಲಕ್ಕೂ ದೊಡ್ಡ ತೂತುಗಳಿವೆ. ಕೇಂದ್ರದ ಓಶಾ ಕಾಯಿದೆ ರಾಜ್ಯ ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳ ನೌಕರರಿಗೆ ಅನ್ವಯಿಸುವುದಿಲ್ಲ. ತಮ್ಮದೇ ಅನುಮೋದಿತ ವ್ಯವಸ್ಥೆ ಇರುವ ರಾಜ್ಯಗಳು ಅವರನ್ನು ಒಳಗೊಳ್ಳುತ್ತವೆ. ಆದರೆ ಚಂಡಮಾರುತಗಳ ದಾರಿಯಲ್ಲೇ ಇರುವ ಫ್ಲಾರಿಡಾ, ಲೂಯಿಸಿಯಾನ, ಟೆಕ್ಸಸ್, ಮಿಸಿಸಿಪ್ಪಿಗಳಲ್ಲಿ ಅಂಥ ವ್ಯವಸ್ಥೆ ಇಲ್ಲ. ರಸ್ತೆಯ ಮೇಲಿನ ಮರ ಎಳೆಯುವ ನಗರಸಭೆಯ ನೌಕರ ಓಶಾದ ರಕ್ಷಣೆಯ ಹೊರಗಿರುತ್ತಾನೆ. 2005ರ ಕತ್ರಿನಾ ಚಂಡಮಾರುತದ ನಂತರ ಓಶಾ ಹಾನಿಗೊಂಡ ಪ್ರದೇಶಗಳಲ್ಲಿ ದಂಡ ಹಾಕುವುದನ್ನು ತಿಂಗಳುಗಟ್ಟಲೆ ಅಮಾನತಿನಲ್ಲಿಟ್ಟು ಸಲಹೆ ನೀಡುವ ಪಾತ್ರಕ್ಕೆ ಸರಿಯಿತು. ಅದೇ ವೇಳೆ ಗುತ್ತಿಗೆ, ಉಪಗುತ್ತಿಗೆಗಳ ಕೆಳತುದಿಯಲ್ಲಿ ಇಂಗ್ಲಿಷ್ ಬಾರದ ವಲಸೆ ದಿನಗೂಲಿಗಳು ತೆರವು ಕೆಲಸದಲ್ಲಿದ್ದರು. ತರಬೇತಿ ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಇರಬೇಕೆಂದು ಓಶಾ 2010ರಲ್ಲಿ ಸ್ಪಷ್ಟಪಡಿಸಿತು.

ಅಲ್ಲಿನ ವಿದ್ಯುತ್ ಕಂಪನಿಗಳು ಅನುಸರಿಸುವ ಒಂದು ಕ್ರಮ ಮಾತ್ರ ಎಲ್ಲೆಡೆ ಅನುಕರಣೀಯ. ದುರಸ್ತಿ ತಂಡ ಬರುವವರೆಗೆ ಬಿದ್ದ ತಂತಿಯ ಬಳಿ ಒಬ್ಬ ಕಾವಲುಗಾರನನ್ನು ನಿಲ್ಲಿಸುತ್ತಾರೆ. ಲೆಕ್ಕಪತ್ರ ವಿಭಾಗದ ಗುಮಾಸ್ತನಿಗೂ ಇದಕ್ಕಾಗಿ ಮೊದಲೇ ತರಬೇತಿ ಕೊಟ್ಟಿರುತ್ತಾರೆ. ತಂತಿ ಮುಟ್ಟುವುದು ಅವನ ಕೆಲಸವಲ್ಲ, ಬೇರೆಯವರು ಮುಟ್ಟದಂತೆ ನೋಡಿಕೊಳ್ಳುವುದಷ್ಟೇ.

ಭಾರತದ ಕಾನೂನು ಮತ್ತು ನೆಲದ ಸ್ಥಿತಿ

ಭಾರತದಲ್ಲಿ ಈ ವಿಷಯ 2003ರ ವಿದ್ಯುತ್ ಕಾಯಿದೆ ಮತ್ತು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ವ್ಯಾಪ್ತಿಗೆ ಬರುತ್ತದೆ. 2010ರ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸವು ಬಂದವು. ಮಾರ್ಗದ ಕೆಲಸ ಮಾಡುವವರಿಗೆ ಕೈಗವಸು, ರಬ್ಬರ್ ಪಾದರಕ್ಷೆ, ಸುರಕ್ಷತಾ ಬೆಲ್ಟ್, ಏಣಿ, ಅರ್ಥಿಂಗ್ ಸಾಧನ, ಹೆಲ್ಮೆಟ್, ಲೈನ್ ಟೆಸ್ಟರ್ ಕೊಡಬೇಕು, ತಂತಿ ಹಿಡಿಯುವ ಮೊದಲು ಅದನ್ನು ಅರ್ಥ್ ಮಾಡಿ ವಿದ್ಯುತ್ ಬಸಿಯಬೇಕು, ಅಧಿಕಾರ ಪಡೆಯದವರು ವಿದ್ಯುತ್ ಇರುವ ಮಾರ್ಗದಲ್ಲಿ ಕೆಲಸ ಮಾಡಬಾರದು ಎಂಬುದು ಈ ನಿಯಮಗಳ ಹುರುಳು. ಅವಘಡ ಸಂಭವಿಸಿದರೆ ಕಾಯಿದೆಯ 161ನೇ ಸೆಕ್ಷನ್ ಪ್ರಕಾರ ವಿದ್ಯುತ್ ಪರಿವೀಕ್ಷಕರಿಗೆ ವರದಿ ಹೋಗಬೇಕು. ಸಾವಿನ ಸುದ್ದಿ 24 ಗಂಟೆಯೊಳಗೆ, ನಿಗದಿತ ನಮೂನೆಯ ಲಿಖಿತ ವರದಿ 48 ಗಂಟೆಯೊಳಗೆ. ಕರ್ನಾಟಕದಲ್ಲಿ ತನಿಖೆ ನಡೆಸುವುದು ಇಂಧನ ಇಲಾಖೆಯಡಿಯ ವಿದ್ಯುತ್ ಪರಿವೀಕ್ಷಣಾಲಯ. ಪೊಲೀಸರು ನಿರ್ಲಕ್ಷ್ಯದಿಂದಾದ ಸಾವೆಂದು ಪ್ರಕರಣ ದಾಖಲಿಸಬಹುದು. ಅಂಥ ಪ್ರಕರಣಗಳಲ್ಲಿ ಬೆರಳು ಹೆಚ್ಚಾಗಿ ತೋರುವುದು ಎಲ್‌ಸಿ ಕೊಟ್ಟ ಆಪರೇಟರ್ ಅಥವಾ ಸೆಕ್ಷನ್ ಆಫೀಸರ್ ಕಡೆಗೆ. ಕೈಗವಸು ಖರೀದಿಯ ಕಡತ ಯಾವ ಮೇಜಿನ ಮೇಲೆ ನಿಂತಿತ್ತು ಎಂಬ ಪ್ರಶ್ನೆ ವಿರಳ.

ಪೂರ್ವ ಕರಾವಳಿಯ ಚಂಡಮಾರುತಗಳು ಈ ಕೆಲಸದ ಗಾತ್ರವನ್ನು ತೋರಿಸಿಕೊಟ್ಟಿವೆ. 2019ರ ಮೇ 3ರಂದು ಪುರಿಯ ಬಳಿ ದಡ ಮುಟ್ಟಿದ ಫೋನಿ ಒಂದು ಲಕ್ಷಕ್ಕೂ ಹೆಚ್ಚು ವಿದ್ಯುತ್ ಕಂಬಗಳನ್ನು ಕೆಡವಿತು. ದುರಸ್ತಿಗೆ ಬೇರೆ ರಾಜ್ಯಗಳಿಂದ ತಂಡಗಳು ಹೋದವು. ಹೊರಗಿನಿಂದ ಬಂದ ಲೈನ್‌ಮನ್‌ಗೆ ಆ ಊರಿನ ಫೀಡರ್‌ಗಳು ಎಲ್ಲಿ ಕೂಡುತ್ತವೆ, ಯಾವ ಜಿಒಎಸ್ ಕೆಟ್ಟಿದೆ ಎಂಬುದು ಗೊತ್ತಿರುವುದಿಲ್ಲ. ಸ್ಥಳೀಯ ಸಿಬ್ಬಂದಿಯ ನೆನಪಿನಲ್ಲಷ್ಟೇ ಇರುವ ಇಂಥ ತಿಳಿವಳಿಕೆ ನಕ್ಷೆಯಲ್ಲಿ ಇಲ್ಲದಿದ್ದರೆ ಎಷ್ಟೇ ನುರಿತ ತಂಡವೂ ಕುರುಡು. 2020ರ ಮೇ 20ರ ಅಂಫಾನ್ ನಂತರ ಕೋಲ್ಕತ್ತದ ನೀರು ನಿಂತ ಬೀದಿಗಳಲ್ಲಿ ತಂತಿಗಳು ಬಿದ್ದಿದ್ದವು. ವಿದ್ಯುತ್ ಕೊಡಿ ಎಂಬ ಜನರ ಕೂಗಿಗೂ ಬೀದಿ ಬರಿದಾಗುವವರೆಗೆ ಕೊಡಬಾರದೆಂಬ ಎಚ್ಚರಿಕೆಗೂ ಅಲ್ಲಿ ನೇರ ಜಗ್ಗಾಟ ನಡೆಯಿತು.

ಕರ್ನಾಟಕಕ್ಕೆ ಅಂಥ ನೇರ ಹೊಡೆತ ಅಪರೂಪ. 2021ರ ಮೇ ತಿಂಗಳ ತೌಕ್ತೆ ಕರಾವಳಿ ಜಿಲ್ಲೆಗಳನ್ನು ಬದಿಯಿಂದ ಸವರಿಕೊಂಡು ಗುಜರಾತಿನತ್ತ ಹೋಯಿತು. ಇಲ್ಲಿನ ಹಾನಿ ಚದುರಿದ ಬಗೆಯದು. ಮಾರ್ಚ್‌ನಿಂದ ಮೇವರೆಗಿನ ಗಾಳಿಮಳೆ ಮತ್ತು ಜೂನ್ ನಂತರದ ಮುಂಗಾರಿನಲ್ಲಿ ಕಾಡು, ತೋಟಗಳ ನಡುವೆ ಹಾದ ಮಾರ್ಗಗಳ ಮೇಲೆ ದಿನವೂ ಮರ ಬೀಳುತ್ತದೆ. ಮೆಸ್ಕಾಂ, ಹೆಸ್ಕಾಂಗಳ ಮಲೆನಾಡು ವಿಭಾಗಗಳಲ್ಲಿ ಒಬ್ಬ ಪವರ್‌ಮ್ಯಾನ್‌ನ ಪಾಲಿಗೆ ಹಲವು ಹಳ್ಳಿಗಳ ಮೈಲಿಗಟ್ಟಲೆ ತಂತಿ ಬರುತ್ತದೆ. ಜೊತೆಗಾರನಿಲ್ಲದೆ, ಜೋರು ಮಳೆಯಲ್ಲಿ, ಸತತ ಎರಡನೆಯ ರಾತ್ರಿ ಕೆಲಸ ಮಾಡುವವನು ನಿಯಮ ಮೀರುತ್ತಾನೆ ಎನ್ನುವುದಕ್ಕಿಂತ ನಿಯಮ ಪಾಲಿಸುವ ಸ್ಥಿತಿಯಲ್ಲೇ ಅವನಿಲ್ಲ ಎನ್ನುವುದು ಹೆಚ್ಚು ಸರಿ. ಅವನಿಗೆ ನೆರವಾಗಲು ಬರುವ ಊರವರು ಹಗ್ಗ ಹಿಡಿದು ಮರ ಎಳೆಯುತ್ತಾರೆ. ಆ ಹೊತ್ತಿಗೆ ಅದು ಅವರಿಗೂ ಕೆಲಸದ ಸ್ಥಳವೇ, ಆದರೆ ಯಾವ ಕಾಯಿದೆಯ ಲೆಕ್ಕದಲ್ಲೂ ಅವರು ಕಾರ್ಮಿಕರಲ್ಲ. 1912 ಸಂಖ್ಯೆಗೆ ಕರೆ ಮಾಡಿ ಫೀಡರ್ ಬಂದ್ ಮಾಡಿಸುವುದು, ದೂರ ನಿಂತು ಉಳಿದವರನ್ನು ತಡೆಯುವುದು ಅವರು ನಿಜಕ್ಕೂ ಮಾಡಬಹುದಾದ ನೆರವು. ತಂತಿ ತಾಗಿ ಬಿದ್ದವನನ್ನು ಎಳೆಯಲು ಹೋದವನು ಎರಡನೆಯ ಬಲಿಯಾಗುವುದು ಈ ಅವಘಡಗಳಲ್ಲಿ ಪದೇಪದೇ ಕಾಣುತ್ತದೆ.

ಪರಿಹಾರದ ವಿಷಯದಲ್ಲಿ ಕಾನೂನು ಸಂತ್ರಸ್ತರ ಪರವಾಗಿದೆ. ಮಳೆಯ ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದವನೊಬ್ಬ ರಸ್ತೆಯ ಮೇಲೆ ಬಿದ್ದಿದ್ದ ತಂತಿ ತಾಗಿ ಸತ್ತ ಪ್ರಕರಣದಲ್ಲಿ ಮಧ್ಯಪ್ರದೇಶ ವಿದ್ಯುತ್ ಮಂಡಳಿ, ಯಾರೋ ವಿದ್ಯುತ್ ಕದಿಯಲು ಎಳೆದ ತಂತಿ ಅದು ಎಂದು ವಾದಿಸಿತ್ತು. 2002ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಅಪಾಯಕಾರಿ ಶಕ್ತಿಯನ್ನು ಪೂರೈಸುವವರ ಹೊಣೆಗೆ ನಿರ್ಲಕ್ಷ್ಯ ಸಾಬೀತಾಗಬೇಕಿಲ್ಲ ಎಂದಿತು. ಗುತ್ತಿಗೆ ಕಾರ್ಮಿಕನ ಸಾವಿಗೆ ಮೂಲ ಮಾಲೀಕನೂ ಪರಿಹಾರಕ್ಕೆ ಬಾಧ್ಯ ಎಂಬ ತತ್ವ 1923ರ ಕಾರ್ಮಿಕ ಪರಿಹಾರ ಕಾಯಿದೆಯಷ್ಟು ಹಳೆಯದು. ಆದರೂ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಕೂಲಿಯ ಮನೆಯವರು ಅವನು ಆ ದಿನ ಕೆಲಸದಲ್ಲಿದ್ದನೆಂದು ಸಾಬೀತುಪಡಿಸುವುದರಲ್ಲೇ ಸೋಲುತ್ತಾರೆ.

ತಾಂತ್ರಿಕ ಪರಿಹಾರಗಳು

ಭೂಗತ ಕೇಬಲ್ ಮತ್ತು ಹೊದಿಕೆಯ ತಂತಿಗಳು ಅಪಾಯವನ್ನು ತಗ್ಗಿಸುತ್ತವೆ; ಬೆಂಗಳೂರಿನಲ್ಲಿ 11 ಕೆವಿ ಮಾರ್ಗಗಳನ್ನು ನೆಲದಡಿಗೆ ಇಳಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಹೊದಿಕೆಯ ತಂತಿಯ ಪ್ಲಾಸ್ಟಿಕ್ ಪದರ ಕೊಂಬೆ ತಾಗಿದಾಗ ರಕ್ಷಿಸುತ್ತದೆಯೇ ಹೊರತು ಕೈಯಿಂದ ಹಿಡಿಯಲೆಂದು ಮಾಡಿದ್ದಲ್ಲ. ತುಂಡಾದ ತುದಿಯಂತೂ ಬರಿದಾಗಿಯೇ ಇರುತ್ತದೆ. ಒಂಬತ್ತು ಮೀಟರ್ ಎತ್ತರದಿಂದ ಕಡಿದ ತಂತಿ ನೆಲ ಮುಟ್ಟಲು ಸುಮಾರು 1.4 ಸೆಕೆಂಡ್ ಬೇಕು. ಆ ಅವಧಿಯಲ್ಲೇ ತಂತಿ ಕಡಿದದ್ದನ್ನು ಮಾರ್ಗದುದ್ದಕ್ಕೂ ಇಟ್ಟ ಸಂವೇದಕಗಳಿಂದ ಪತ್ತೆಹಚ್ಚಿ, ಅದು ಬೀಳುವ ಮೊದಲೇ ವಿದ್ಯುತ್ ಕಡಿತಗೊಳಿಸುವ ವ್ಯವಸ್ಥೆಯನ್ನು ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊ ವಿದ್ಯುತ್ ಕಂಪನಿ ಕಾಳ್ಗಿಚ್ಚಿನ ಭೀತಿಯಿಂದ ಅಳವಡಿಸಿಕೊಂಡಿದೆ. ಅದಕ್ಕೆ ವೇಗದ ಸಂವಹನ ಜಾಲ ಬೇಕು, ವೆಚ್ಚವೂ ಹೆಚ್ಚು. ಉಳಿದ ಮಾರ್ಗಗಳಲ್ಲಿ ತೆರವು ಕೆಲಸದವನ ರಕ್ಷಣೆ ಟೆಸ್ಟರ್, ಅರ್ಥಿಂಗ್ ರಾಡ್ ಮತ್ತು ಎಲ್‌ಸಿ ಪುಸ್ತಕಗಳನ್ನೇ ನೆಚ್ಚಿಕೊಂಡಿದೆ.